254 ಕೌಂಟಿ ಮುಗೀತು, ಈಗ ಥ್ಯಾಂಕ್ಸ್ ಹೇಳೋ ಸರದಿ

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ರಾಕ್‌ವಾಲ್‌ನ ಹಳೆಯ ಕೋರ್ಟ್‌ಹೌಸ್ ಮುಂದೆ ಕಾರಿನಿಂದ ಇಳಿದೆ, ಅಲ್ಲಿಗೆ ಟೆಕ್ಸಸ್‌ನ 254 ಕೌಂಟಿಗಳನ್ನೂ ಸುತ್ತಿ ಮುಗಿಸಿದ ಹಾಗಾಯಿತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬಾ ಜನ. ಒಬ್ಬೊಬ್ಬರಿಗೇ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಊರಲ್ಲಿರುವ ನೆಂಟರಿಗೆ ಮೊದಲು ಒಂದು ಮಾತು. ನಮ್ಮಲ್ಲಿ 31 ಜಿಲ್ಲೆ ಇದ್ದ ಹಾಗೆ ಇಲ್ಲಿ 254 ಕೌಂಟಿ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಟೆಕ್ಸಸ್ ಕರ್ನಾಟಕದ ಮೂರೂವರೆ ಪಟ್ಟಿಗೂ ದೊಡ್ಡದು. ಬ್ರೂಸ್ಟರ್ ಅನ್ನುವ ಒಂದೇ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಆದರೆ ಅಲ್ಲಿ ಹತ್ತು ಸಾವಿರ ಜನವೂ ಇಲ್ಲ. ಎಲ್ಲ ಕೌಂಟಿಗೂ ಹೋಗಿ ಬರಬೇಕು ಅನ್ನುವ ಈ ಹುಚ್ಚು ನನ್ನೊಬ್ಬಳದೇ ಅಲ್ಲ, ಇಡೀ ದೇಶದ ಮೂರು ಸಾವಿರ ಚಿಲ್ಲರೆ ಕೌಂಟಿ ಸುತ್ತುವವರೂ ಇದ್ದಾರೆ. ಅವರ ಮುಂದೆ ನಾನು ಏನೂ ಅಲ್ಲ.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ಈ ಹವ್ಯಾಸದವರಲ್ಲಿ ಒಂದು ಜಗಳ ಯಾವಾಗಲೂ ಇರುತ್ತದೆ: ಹೋದ ಹಾಗೆ ಅಂತ ಲೆಕ್ಕ ಹಾಕುವುದು ಯಾವಾಗ? ಕೆಲವರಿಗೆ ಕಾರಲ್ಲಿ ಗಡಿ ದಾಟಿದರೆ ಸಾಕು, ಕೆಲವರಿಗೆ ಕಾಲು ನೆಲಕ್ಕೆ ತಾಗಬೇಕು, ಇನ್ನು ಕೆಲವರು ಕೌಂಟಿಯ ಮುಖ್ಯ ಊರಿಗೇ ಹೋಗಬೇಕು ಅನ್ನುತ್ತಾರೆ. ಹಾಸನದಿಂದ ಬಂದಿದ್ದ ಅಮ್ಮ ಹಿಂದಿನ ಸೀಟಲ್ಲಿ ಕೂತು ಇದನ್ನೆಲ್ಲ ಕೇಳಿ, "ಊರಿಗೆ ಹೋಗಿ ಒಂದು ಲೋಟ ನೀರೂ ಕುಡೀದೆ ಬಂದ್ರೆ ಅದೇನು ಹೋದ ಹಾಗಾ?" ಅಂದರು. ಅಷ್ಟೇ, ಅದೇ ನಿಯಮ ಆಯಿತು. ಇಳಿಯಬೇಕು, ಏನಾದರೂ ಕುಡಿಯಬೇಕು ಇಲ್ಲವೇ ತಿನ್ನಬೇಕು. ಕೆಲಸ ಎಷ್ಟು ಜಾಸ್ತಿ ಆಯಿತು ಅಂತ ಹೇಳುವುದೇ ಬೇಡ. ಆದರೆ ಜನ ಸಿಕ್ಕಿದ್ದೇ ಆ ನಿಯಮದಿಂದ.

ಉದಾಹರಣೆಗೆ ಲವಿಂಗ್ ಕೌಂಟಿ. 2020ರ ಜನಗಣತಿಯಲ್ಲಿ ಅಲ್ಲಿದ್ದದ್ದು 64 ಜನ. ನಮ್ಮ ಅಪಾರ್ಟ್‌ಮೆಂಟಿನ ಒಂದು ಬ್ಲಾಕ್‌ನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೇವೆ! ಹೆಸರು ಕೇಳಿ ಪ್ರೀತಿಗೀತಿ ಅಂದುಕೊಳ್ಳಬೇಡಿ, ಆಲಿವರ್ ಲವಿಂಗ್ ಅಂತ ದನದ ವ್ಯಾಪಾರಿಯ ಹೆಸರು ಅದು. ಸುತ್ತ ಎಣ್ಣೆ ಬಾವಿಗಳು, ಲಾರಿಗಳು, ಧೂಳು. ಮೆಂಟೋನ್ ಊರಿನ ಕೋರ್ಟ್‌ಹೌಸ್ ಒಳಗೆ ಹೋಗಿ ಕುಡಿಯಲು ಏನಾದರೂ ಸಿಗುತ್ತದಾ ಅಂತ ಕೇಳಿದಾಗ ಅಲ್ಲಿದ್ದ ಹೆಂಗಸು ತಮ್ಮದೇ ಫ್ರಿಜ್‌ನಿಂದ ತಣ್ಣನೆ ನೀರಿನ ಬಾಟಲಿ ತೆಗೆದುಕೊಟ್ಟು, ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿ, ಮುಂದಿನ ಪೆಟ್ರೋಲ್ ಬಂಕ್ ಎಲ್ಲಿದೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆ ಅಕ್ಕನಿಗೆ ಈ ಬರಹ ತಲುಪುವುದಿಲ್ಲ. ಆದರೂ ಥ್ಯಾಂಕ್ಸ್.

ಕಿಂಗ್ ಕೌಂಟಿಯ ಗತ್ರಿ ಹತ್ತಿರ ಟೈರ್ ಪಂಕ್ಚರ್ ಆದಾಗ ನಿಂತ ಪಿಕಪ್ ಟ್ರಕ್ಕಿನವರಿಗೂ ಅಷ್ಟೇ. ಇಡೀ ಕೌಂಟಿಯಲ್ಲಿ ಮುನ್ನೂರು ಜನ ಇಲ್ಲ, ಫೋನ್‌ಗೆ ಸಿಗ್ನಲ್ ಇಲ್ಲ. ಅವರು ಸ್ಪೇರ್ ಟೈರ್ ಹಾಕಿಕೊಟ್ಟು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಪಡೂಕಾ ಊರು ಬರುವ ತನಕ ನಮ್ಮ ಹಿಂದೆಯೇ ನಿಧಾನಕ್ಕೆ ಬಂದರು, ಊರು ಬಂದ ಮೇಲೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ತೋರಿಸಿ ತಿರುಗಿಕೊಂಡರು. ಆ ಕಡೆಯ ಜನ ನಮಸ್ಕಾರ ಮಾಡುವುದೇ ಹಾಗೆ. ಈಗ ನಾನೂ ಡಾಲಸ್ ಟ್ರಾಫಿಕ್‌ನಲ್ಲಿ ಹಾಗೆ ಬೆರಳೆತ್ತುತ್ತೇನೆ, ಯಾರೂ ನೋಡುವುದಿಲ್ಲ ಬಿಡಿ.

ಸಣ್ಣ ಊರುಗಳ ಹೋಟೆಲ್ ಹುಡುಗಿಯರಿಗೆ ದೊಡ್ಡ ಥ್ಯಾಂಕ್ಸ್. ನಾವು ಮಾಂಸ ತಿನ್ನುವುದಿಲ್ಲ ಅಂದಾಗ ನಗಲಿಲ್ಲ, "ಬೀನ್ಸ್ ತಗೋಬೇಡಿ, ಅದರಲ್ಲಿ ಬೇಕನ್ ಇದೆ" ಅಂತ ತಾವಾಗಿಯೇ ಹೇಳಿದರು. ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮತ್ತು ಡೈರಿ ಕ್ವೀನ್ ಐಸ್‌ಕ್ರೀಮ್ ಇಲ್ಲದಿದ್ದರೆ ಈ ಪ್ರವಾಸ ನಡೆಯುತ್ತಲೇ ಇರಲಿಲ್ಲ.

ಹಿಲ್ಸ್‌ಬರೋ ಕೋರ್ಟ್‌ಹೌಸ್ ಮುಂದಿನ ಬೆಂಚಿನಲ್ಲಿ ಕೂತಿದ್ದ ತಾತ, ನಿಮಗೂ. 1993ರ ಜನವರಿ 1ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು, ಆಮೇಲೆ ಮೊದಲಿದ್ದ ಹಾಗೇ ಮತ್ತೆ ಕಟ್ಟಿದರು. ಗೋಪುರ ಉರಿಯುವುದನ್ನು ನೋಡಿದವರ ಬಾಯಿಂದ ಅದನ್ನು ಕೇಳುವುದೇ ಬೇರೆ, ಅಲ್ವಾ? ಅಲ್ಲಿಂದ ಮುಂದೆ ನಾನು ಯಾವ ಕೋರ್ಟ್‌ಹೌಸನ್ನೂ ಸುಮ್ನೆ ಫೋಟೋ ತೆಗೆದು ಬಂದಿಲ್ಲ, ಯಾರನ್ನಾದರೂ ಹಿಡಿದು ಕಥೆ ಕೇಳಿಯೇ ಬಂದಿದ್ದೇನೆ.

ಅಮ್ಮನ ವಿಷಯಕ್ಕೆ ಮತ್ತೆ ಬರುತ್ತೇನೆ, ಇದನ್ನು ಹೇಳದೆ ಇರಲಾರೆ. ಬೋರ್ಡನ್ ಅಂತ ಒಂದು ಕೌಂಟಿ, ಅದರ ಮುಖ್ಯ ಊರು ಗೇಲ್. ಎರಡಕ್ಕೂ ಗೇಲ್ ಬೋರ್ಡನ್ ಅನ್ನುವ ಒಬ್ಬನದೇ ಹೆಸರು. ಹಾಲನ್ನು ಗಟ್ಟಿ ಮಾಡಿ ಕೆಡದಂತೆ ಇಡುವ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಪಡೆದವನು. "ಅಂದ್ರೆ ನಮ್ಮ ಮಿಲ್ಕ್‌ಮೇಡ್ ಡಬ್ಬಿ ಥರದ್ದಾ?" ಅಂತ ಅಮ್ಮ ಕಣ್ಣರಳಿಸಿದರು. ಅಲ್ಲಿಯ ತನಕ ಮಂಡಿ ನೋವು ಅಂತ ಕಾರಿನಿಂದ ಇಳಿಯಲು ಗೊಣಗುತ್ತಿದ್ದವರು ಆ ಊರಲ್ಲಿ ಮಾತ್ರ ತಾವೇ ಇಳಿದು ಬೋರ್ಡ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ನಮ್ಮನೆಯವರಿಗೆ ಡ್ರೈವಿಂಗ್ ಅಂದರೆ ಆಗುವುದಿಲ್ಲ. ಆದರೂ ಎಲ್ ಪಾಸೋ ತನಕ ಬಂದರು, ಬೇರೆ ಟೈಮ್ ಝೋನ್‌ಗೆ ಕರೆದುಕೊಂಡು ಹೋದೆ ಅಂತ ಇವತ್ತಿಗೂ ರೇಗಿಸುತ್ತಾರೆ. ಮಗಳು ಫ್ರಿಜ್ ಮೇಲಿನ ಮ್ಯಾಪ್‌ಗೆ ಬಣ್ಣ ಹಚ್ಚಿದಳು. ಪ್ಯಾನ್‌ಹ್ಯಾಂಡಲ್ ಕಡೆ, ಅಂದರೆ ಟೆಕ್ಸಸ್‌ನ ಉತ್ತರ ತುದಿಯಲ್ಲಿ, ಕೌಂಟಿಗಳೆಲ್ಲ ಒಂದೇ ಥರ ಚೌಕ ಇರುವುದರಿಂದ ಅವಳಿಗೆ ಅದೇ ಇಷ್ಟ, ನನಗೆ ಅದೇ ಬೋರು. ಶುಕ್ರವಾರ ಸಂಜೆ ಬೇಗ ಹೊರಡಲು ಬಿಟ್ಟ ಆಫೀಸಿನ ಗೆಳತಿಗೆ ಸಾಲ ಇದೆ, ಊಟ ಕೊಡಿಸಿ ತೀರಿಸುತ್ತೇನೆ.

ಕೊನೆಗೆ ಇಲ್ಲಿನ ಕನ್ನಡ ಬಳಗ. ರಾಕ್‌ವಾಲ್ ವಿಸ್ತೀರ್ಣದಲ್ಲಿ ಟೆಕ್ಸಸ್‌ನ ಅತಿ ಚಿಕ್ಕ ಕೌಂಟಿ, ನಮಗೆ ಪಕ್ಕದಲ್ಲೇ. ಎಷ್ಟೋ ಸಲ ಹೈವೇಯಲ್ಲಿ ಹಾದುಹೋಗಿದ್ದರೂ ಬೇಕೆಂದೇ ಇಳಿದಿರಲಿಲ್ಲ, ನೀವೆಲ್ಲ ಬರಲಿ ಅಂತ ಕೊನೆಗೆ ಇಟ್ಟಿದ್ದೆ. ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದಿರಿ. ಅಮ್ಮ ವಿಡಿಯೋ ಕಾಲ್‌ನಲ್ಲಿ "ನೀರು ಕುಡಿದ್ಯಾ?" ಅಂತ ಕೇಳಿದಾಗ ನೀವು ಕೂಗಿದ್ದು ಇಡೀ ಚೌಕಕ್ಕೆ ಕೇಳಿಸಿತು. ನೀರಿನ ಬದಲು ಯಾರೋ ಪಾನಕ ಮಾಡಿ ತಂದಿದ್ದಿರಿ, ಅಮ್ಮ ಅದನ್ನೂ ಒಪ್ಪಿಕೊಂಡಿದ್ದಾರೆ. ಪುಳಿಯೋಗರೆ ಮಾತ್ರ ಸಾಲಲಿಲ್ಲ. ಹಸಿರು ಮುಚ್ಚಳದ ಡಬ್ಬಿ ಎರಡು, ಒಂದು ಸ್ಟೀಲ್ ಸೌಟು ನಮ್ಮ ಕಾರಲ್ಲೇ ಉಳಿದಿವೆ. ಯಾರದು ಅಂತ ತಿಳಿಸಿ, ಭಾನುವಾರ ತಂದುಕೊಡುತ್ತೇನೆ.