ಲೇಕ್ ಚಾರ್ಲ್ಸ್‌ನಿಂದ ತಮ್ಮನಿಗೆ

ಲೇಕ್ ಚಾರ್ಲ್ಸ್, ಲೂಸಿಯಾನಾ
ಫೆಬ್ರವರಿ 2023

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಅಮ್ಮನ ಮೊಣಕಾಲು ನೋವು ಸ್ವಲ್ಪ ಇಳಿದಿದೆ ಅಂತ ಕೇಳಿ ಸಮಾಧಾನವಾಯಿತು. ಮೊನ್ನೆ ಫೋನಿನಲ್ಲಿ ನೀನು ಎರಡು ವಿಷಯ ಎತ್ತಿದ್ದೆ. ಈ ವಯಸ್ಸಿನಲ್ಲಿ ಇದ್ದ ಮನೆಗೆ ಬೀಗ ಹಾಕಿ ಗಾಡಿಯಲ್ಲಿ ಯಾಕೆ ಅಲೆಯುತ್ತೀರಿ ಅಂತ ಬೈದೆ. ಆಮೇಲೆ ಊರಿನ ನಮ್ಮ ದೇವಾಲಯದ (ಚರ್ಚಿನ) ಹೆಂಚಿನ ಮಾಡು ಸೋರುತ್ತಿದೆ, ಕಂಟ್ರಾಕ್ಟರ್ ಹೇಳಿದ ರೇಟು ಕೇಳಿ ಕಮಿಟಿಯವರು ಸುಮ್ಮನೆ ಕೂತಿದ್ದಾರೆ ಅಂತ ಬೇಜಾರು ಮಾಡಿಕೊಂಡೆ. ನನಗೆ ಇವೆರಡೂ ಒಂದೇ ವಿಷಯದ ಹಾಗೆ ಕಾಣುತ್ತವೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ನಾವಿರುವ ಓಹಾಯೋದಲ್ಲಿ ಜನವರಿ ಅಂದರೆ ಬರೀ ಹಿಮ, ಗೊತ್ತಲ್ವಾ. ಕೊಲಂಬಸ್ಸಿನಿಂದ ಇಲ್ಲಿಗೆ ಸುಮಾರು 1,000 ಮೈಲಿ. ನಿನ್ನ ಭಾವ ಅವಸರ ಮಾಡದೆ, ರಾತ್ರಿ ಓಡಿಸದೆ ಕರೆದುಕೊಂಡು ಬಂದರು. ಬ್ಯಾಟನ್ ರೂಜ್ ದಾಟಿದ ಮೇಲೆ ಅಚಾಫಲಾಯ ಅನ್ನುವ ದೊಡ್ಡ ಜೌಗು ಪ್ರದೇಶ ಬರುತ್ತದೆ. ಅದರ ಮೇಲೆ 18 ಮೈಲಿ ಉದ್ದಕ್ಕೂ ಸೇತುವೆ. ಹತ್ತಿರ ಹತ್ತಿರ ಉಡುಪಿಯಿಂದ ಮೂಲ್ಕಿ ತನಕದ ದೂರ! ಕೆಳಗೆ ನೀರು, ನೀರೊಳಗೆ ಸೈಪ್ರೆಸ್ ಮರಗಳು. ಹಿಂದೆ ನಮ್ಮ ಟ್ರೇಲರ್ ಕಟ್ಟಿಕೊಂಡಿದ್ದರಿಂದ ಗಾಳಿ ಬೀಸಿದಾಗಲೆಲ್ಲ ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

ನಮ್ಮ ಆರ್‌ವಿ (ಗಾಡಿಯ ಮೇಲಿನ ಮನೆ) ಬಸ್ಸಿನ ಹಾಗೆ ಇರುವ ಜಾತಿಯದ್ದಲ್ಲ, ಪಿಕಪ್ ಗಾಡಿ ಎಳೆಯುವ ಟ್ರೇಲರ್. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಬಚ್ಚಲು ಎಲ್ಲ ಇದೆ. ನಿಲ್ಲಿಸಿದ ಮೇಲೆ ಒಂದು ಬದಿಯ ಗೋಡೆಯನ್ನು ಹೊರಗೆ ಚಾಚಿದರೆ ಕೂತು ಊಟ ಮಾಡುವಷ್ಟು ಜಾಗವಾಗುತ್ತದೆ. ನಾವು ರಿಪೇರಿಗೆ ಬಂದಿರುವ ಇಲ್ಲಿನ ದೇವಾಲಯದ ಹಿತ್ತಲಲ್ಲಿ ನಮಗಾಗಿ ಕರೆಂಟಿನ ಕಂಬ, ನೀರಿನ ನಲ್ಲಿ, ಕೊಳಚೆ ಹೋಗಲು ಪೈಪು ಹಾಕಿಸಿದ್ದಾರೆ. ಅದಕ್ಕೆ ಬಾಡಿಗೆ ಇಲ್ಲ. ಡೀಸೆಲ್, ಊಟ, ದಾರಿ ಖರ್ಚು ಪೂರ್ತಿ ನಮ್ಮದು. ಟ್ರೇಲರ್ ಎಳೆಯುವಾಗ ಲೀಟರಿಗೆ ನಾಲ್ಕು ಕಿಲೋಮೀಟರ್ ಸಿಕ್ಕಿದರೆ ದೊಡ್ಡದು. ನಾವು ಎರಡು ವರ್ಷ ಊರಿನ ಪ್ರವಾಸ ಬಿಟ್ಟು ಕೂಡಿಟ್ಟ ದುಡ್ಡು ಇದು. ಅದು ನಿನಗೆ ನೋವು ಕೊಟ್ಟಿದೆ ಅಂತ ಗೊತ್ತು.

ನಮ್ಮನ್ನು ಕರೆದುಕೊಂಡು ಬಂದ, ಸಂಬಳವಿಲ್ಲದೆ ಇಂಥ ರಿಪೇರಿ ಕೆಲಸ ಮಾಡುವ ಗುಂಪಿನ ಹೆಸರು ನೊಮ್ಯಾಡ್ಸ್. ಯುನೈಟೆಡ್ ಮೆಥಡಿಸ್ಟ್ ಅನ್ನುವ ಕ್ರೈಸ್ತ ಸಭೆಯವರದು, 1988ರಲ್ಲಿ ಶುರುವಾದದ್ದು. ಇಂಥವು ಬೇರೆ ಸಭೆಗಳಲ್ಲೂ ಇವೆ. ಬ್ಯಾಪ್ಟಿಸ್ಟರಲ್ಲಿ ಇದೆ, ಅಸೆಂಬ್ಲೀಸ್ ಆಫ್ ಗಾಡ್‌ನವರಲ್ಲಿ ಇದೆ. ಬಡವರ ಮನೆ ಕಟ್ಟುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯವರೂ ಆರ್‌ವಿ ಇದ್ದವರನ್ನು ಕರೆಯುತ್ತಾರೆ. ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ನಮ್ಮಲ್ಲಿ ಒಂದು ಜಾಗದ ಕೆಲಸ ಮೂರು ವಾರ, ವಾರಕ್ಕೆ ನಾಲ್ಕು ದಿನ. ಬೆಳಿಗ್ಗೆ ಎಲ್ಲರೂ ವೃತ್ತವಾಗಿ ನಿಂತು ಪ್ರಾರ್ಥನೆ, ಆಮೇಲೆ ಸಂಜೆಗೆ ಮುಂಚೆ ಬಿಡುವ ತನಕ ಕೆಲಸ. ಕೆಲಸ ಬರಬೇಕು ಅಂತೇನಿಲ್ಲ, ಗೊತ್ತಿದ್ದವರು ಕಲಿಸುತ್ತಾರೆ.

ಇಲ್ಲಿ ಏನಾಗಿದೆ ಅಂತ ಹೇಳದಿದ್ದರೆ ನಿನಗೆ ಅರ್ಥವಾಗುವುದಿಲ್ಲ. 2020ರ ಆಗಸ್ಟ್ 27ರ ನಡುರಾತ್ರಿ ಲಾರಾ ಚಂಡಮಾರುತ ಇಲ್ಲಿಗೆ ದಕ್ಷಿಣದ ಕಡಲ ತೀರಕ್ಕೆ ಹೊಡೆಯಿತು. ಗಾಳಿಯ ವೇಗ ಗಂಟೆಗೆ 150 ಮೈಲಿ, ಅಂದರೆ 240 ಕಿಲೋಮೀಟರ್. ಜನ ನೀಲಿ ಟಾರ್ಪಾಲು ಕಟ್ಟಿಕೊಂಡು ಉಸಿರು ಬಿಡುವಷ್ಟರಲ್ಲಿ ಅಕ್ಟೋಬರ್ 9ಕ್ಕೆ ಡೆಲ್ಟಾ ಅನ್ನುವ ಇನ್ನೊಂದು ಚಂಡಮಾರುತ ಬಂತು. ಮುಂದಿನ ಫೆಬ್ರವರಿಯಲ್ಲಿ ಚಳಿಗೆ ನೀರಿನ ಪೈಪುಗಳು ಒಡೆದವು. ಮೇ ತಿಂಗಳಲ್ಲಿ ಒಂದೇ ದಿನದ ಮಳೆಗೆ ಊರು ಮುಳುಗಿತು. ಒಂದು ವರ್ಷದೊಳಗೆ ಇಷ್ಟೂ. ಕೆರೆಯ ದಂಡೆಯ 22 ಮಹಡಿಯ ಕಟ್ಟಡವೊಂದರ ಕಿಟಕಿ ಗಾಜುಗಳು ಒಡೆದುಹೋದವು. ಗಾಜು ಹೋದಲ್ಲಿ ಹಲಗೆ ಹೊಡೆದು ಅದನ್ನು ಖಾಲಿ ಬಿಟ್ಟರು.

ಅಮೆರಿಕದಲ್ಲಿ ಎಲ್ಲದಕ್ಕೂ ಇನ್ಶೂರೆನ್ಸ್ ಇರುತ್ತದಲ್ಲ ಅಂತ ನೀನು ಕೇಳುತ್ತೀ. ಇರುತ್ತದೆ. ಆದರೆ ಹೆಸರಿಟ್ಟ ಚಂಡಮಾರುತ ಬಂದರೆ ಮೊದಲ ಪಾಲು ನಮ್ಮ ಕೈಯಿಂದಲೇ ಹೋಗಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಅದೂ ಇಷ್ಟು ಸಾವಿರ ಅಂತಲ್ಲ, ಕಟ್ಟಡದ ವಿಮೆ ಮೊತ್ತದ ಮೇಲೆ ಶೇಕಡಾ ಲೆಕ್ಕ. ಹತ್ತು ಲಕ್ಷ ಡಾಲರಿಗೆ ವಿಮೆ ಮಾಡಿಸಿ, ಆ ಪಾಲು ಶೇಕಡಾ 5 ಅಂತಿದ್ದರೆ ಮೊದಲ 50,000 ಡಾಲರ್ ಸಭೆಯದ್ದೇ. ಮೇಲಾಗಿ ಈ ರಾಜ್ಯದಲ್ಲಿ ಹಲವು ವಿಮಾ ಕಂಪನಿಗಳೇ ಮುಳುಗಿಹೋದವು. ಭಾನುವಾರ ಬೆರಳೆಣಿಕೆಯ ಜನ ಬರುವ ಸಣ್ಣ ಸಭೆ ಇದನ್ನೆಲ್ಲ ಎಲ್ಲಿಂದ ತರುತ್ತದೆ ಹೇಳು? ಸಾಮಾನಿಗೆ ಹೇಗೋ ಹೊಂದಿಸುತ್ತಾರೆ. ಕೂಲಿ ಕೊಡಲು ಆಗುವುದಿಲ್ಲ. ನಾವು ಬರುವುದು ಆ ಜಾಗಕ್ಕೆ.

ಈ ದೇವಾಲಯದ ಮಾಡನ್ನು ನಮಗಿಂತ ಮುಂಚೆ ಬಂದವರು ತಗಡು ಹೊದಿಸಿ ಮುಗಿಸಿದ್ದರು. ನಮ್ಮದು ಒಳಗಿನ ಗೋಡೆ. ಇಲ್ಲಿ ಗೋಡೆಗೆ ಕಲ್ಲು, ಇಟ್ಟಿಗೆ ಇಲ್ಲ. ಹದಿನಾರು ಇಂಚಿಗೊಂದು ಮರದ ಕಂಬ, ಅದಕ್ಕೆ ಜಿಪ್ಸಮ್ ಬೋರ್ಡ್ ಬಡಿಯುತ್ತಾರೆ. ನಡುವೆ ಚಳಿ ತಡೆಯಲು ಹತ್ತಿಯಂಥ ಫೈಬರ್. ಒಮ್ಮೆ ನೀರು ಕುಡಿದರೆ ಬೋರ್ಡು, ಫೈಬರ್ ಎರಡೂ ಬೂಸ್ಟು ಹಿಡಿದು ಹಾಳು. ಎಲ್ಲ ಕಿತ್ತು, ಮರ ಒಣಗಿಸಿ, ಹೊಸದು ಹಾಕಬೇಕು.

ಬೋರ್ಡು ಒಂದೊಂದೂ ನಾಲ್ಕಡಿ ಅಗಲ, ಎಂಟಡಿ ಉದ್ದ. ಭಾರ ಇಪ್ಪತ್ತು ಕಿಲೋ ಮೇಲೆಯೇ. ಅದನ್ನು ಎತ್ತುವುದು ಭಾವ ಮತ್ತು ಅಯೋವಾದ ಒಬ್ಬ ರೈತ. ನನಗೆ ಸಿಕ್ಕಿದ್ದು ಸಂದು ತುಂಬುವ ಕೆಲಸ. ಕಲಿಸಿದವರು ಶಾಲೆಯಲ್ಲಿ ಟೀಚರ್ ಆಗಿದ್ದ ಒಬ್ಬ ಅಜ್ಜಿ. ಎರಡು ಬೋರ್ಡು ಸೇರುವ ಕಡೆ ಪುಟ್ಟಿ ಬಳಿದು, ಮೇಲೆ ಕಾಗದದ ಪಟ್ಟಿ ಅಂಟಿಸಿ, ಸಣ್ಣ ಬ್ಲೇಡಿನಿಂದ ಎಳೆಯಬೇಕು. ಅದು ಒಣಗಿದ ಮೇಲೆ ಇನ್ನೊಂದು ಕೈ, ಸ್ವಲ್ಪ ಅಗಲಕ್ಕೆ. ಮೂರನೆಯದು ಇನ್ನೂ ಅಗಲ, ಇನ್ನೂ ತೆಳು. ಆಮೇಲೆ ಸ್ಯಾಂಡ್ ಪೇಪರ್. ಮುಗಿಯಿತು ಅಂದಾಗ ಅಜ್ಜಿ ಕೋಣೆ ಕತ್ತಲು ಮಾಡಿ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿಯುತ್ತಾರೆ. ಬೆಳಕು ಓರೆಯಾಗಿ ಬಿದ್ದರೆ ಕಣ್ಣಿಗೆ ಕಾಣದ ಉಬ್ಬು ತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತವೆ. ಬೆರಳಲ್ಲಿ ಮುಟ್ಟಿ ಪೆನ್ಸಿಲ್ ಗುರುತು ಹಾಕಿ, ಮತ್ತೆ ಶುರು. ಅಲ್ಲಿ ಕೂರುವವರು ಯಾರೋ, ನಾವ್ಯಾರೋ. ಆದರೂ ಅವರು ಒಂದು ಉಬ್ಬನ್ನೂ ಬಿಡುವುದಿಲ್ಲ. ಆ ಶ್ರದ್ಧೆ ನೋಡಿದಾಗ ನನಗೆ ಪ್ರಾರ್ಥನೆಗೆ ಕೂತಷ್ಟೇ ಸಮಾಧಾನವಾಗುತ್ತದೆ.

ಬೋರ್ಡು ಬಡಿಯುವ ಮುಂಚೆ ಒಂದು ಪದ್ಧತಿ ಇದೆ. ಬರಿಯ ಮರದ ಕಂಬಗಳ ಮೇಲೆ ಜನ ಬೈಬಲ್ ವಾಕ್ಯಗಳನ್ನು, ಹೆಸರುಗಳನ್ನು ಬರೆಯುತ್ತಾರೆ. ಈ ಸಭೆಯ ಹಿರಿಯ ಹೆಂಗಸೊಬ್ಬರು ಮಡಚುವ ಕುರ್ಚಿ ತಂದು ಕೂತು, ಚಂಡಮಾರುತದ ನಂತರ ಊರು ಬಿಟ್ಟು ಹೋದ ಕುಟುಂಬಗಳ ಹೆಸರುಗಳನ್ನು ಒಂದೊಂದಾಗಿ ಬರೆದರು. ಟೆಕ್ಸಾಸಿಗೆ ಹೋದವರು, ಮಕ್ಕಳ ಮನೆ ಸೇರಿದವರು. ಬರೆದು ಮುಗಿಸಿ ಪೆನ್ನು ನನ್ನ ಕೈಗೆ ಕೊಟ್ಟು, ನಿಮ್ಮ ಅಮ್ಮನ ಹೆಸರು ನಿಮ್ಮ ಅಕ್ಷರದಲ್ಲಿ ಬರೆಯಿರಿ ಅಂದರು. ಬರೆದೆ. ಅಮ್ಮನಿಗೆ ಹೇಳು, ಬಾಗಿಲಿನ ಬಲಗಡೆ ಮೂರನೇ ಕಂಬ.

ವಾರಕ್ಕೊಮ್ಮೆ ಸಭೆಯವರು ಊಟ ತರುತ್ತಾರೆ. ಸಿಗಡಿ, ಬೆಂಡೆಕಾಯಿ ಹಾಕಿದ ಗಂಬೋ, ಜೊತೆಗೆ ಅನ್ನ. ಬಿಸಿ ಅನ್ನಕ್ಕೆ ಸಿಗಡಿ ಸಾರು ಕಂಡ ಕೂಡಲೇ ಭಾವ ಮಾತು ನಿಲ್ಲಿಸಿದರು! ಕೆಲಸ ಬಿಟ್ಟ ಮೇಲೆ ಅವರು ಎಷ್ಟು ಕುಗ್ಗಿದ್ದರು ಅಂತ ನಾನು ನಿನಗೆ ಪೂರ್ತಿ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಇಲ್ಲಿ ಆರಕ್ಕೆ ಎದ್ದು, ಬೂಟು ಕಟ್ಟಿಕೊಂಡು, ಊರಿನ ಕೀರ್ತನೆ ಗುನುಗುತ್ತಾ ಹೊರಡುತ್ತಾರೆ. ನೀನು ಕೇಳಿದ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

ಈಗ ನಮ್ಮ ಮಾಡಿನ ಮಾತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು. ಅವರು ಕಟ್ಟಿದ ದೇವಾಲಯಕ್ಕೆ ಕಾಂಕ್ರೀಟು ಹಾಕುವ ಮಾತು ದಯವಿಟ್ಟು ಬೇಡ. ಗೋಡೆ ಗಟ್ಟಿಯಿದೆ, ಹೆಂಚೂ ಹೆಚ್ಚಿನದು ಚೆನ್ನಾಗಿಯೇ ಇದೆ. ಹೋಗಿರುವುದು ರೀಪು (ಹೆಂಚು ಕೂರುವ ಮರದ ಪಟ್ಟಿ), ಎಲ್ಲೋ ಕೆಲವು ಪಕ್ಕಾಸು (ರೀಪನ್ನು ಹೊರುವ ಮರ). ಕಂಟ್ರಾಕ್ಟರ್ ರೇಟನ್ನು ಬಿಡಿಸಿ ನೋಡು. ಹೆಂಚು ಇಳಿಸುವುದು, ಪಾಚಿ ಉಜ್ಜಿ ತೊಳೆಯುವುದು, ಒಡೆದದ್ದನ್ನು ಬೇರೆ ಮಾಡುವುದು, ಮರಕ್ಕೆ ಗೇರೆಣ್ಣೆ ಹಚ್ಚುವುದು, ಮತ್ತೆ ಮೇಲೆ ಕೊಡುವುದು, ಇದೆಲ್ಲ ಕೂಲಿಯ ಲೆಕ್ಕ. ಇದಕ್ಕೆ ನಮ್ಮ ಸಭೆಯಲ್ಲಿ ಕೈಗಳಿಲ್ಲವೇ? ಪಿಡಬ್ಲ್ಯೂಡಿಯಿಂದ ನಿವೃತ್ತರಾದವರಿದ್ದಾರೆ, ಮೆಸ್ಕಾಂನಿಂದ ಬಂದವರಿದ್ದಾರೆ, ಯೌವನಸ್ಥರ ಸಂಘ ಇದೆ. ಬೆಳೆ ಹಬ್ಬದ ಏಲಂ ದಿನ ಒಂದು ತೆಂಗಿನಕಾಯಿಯನ್ನು ಸಾವಿರಕ್ಕೆ ಕೂಗುವ ಜನ, ಮೂರು ವಾರ ಹೆಂಚು ತೊಳೆಯಲು ಬರುವುದಿಲ್ಲ ಅಂತ ನಾನು ನಂಬುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಾಡು ಹತ್ತುವವರು, ಪಕ್ಕಾಸು ಕೂರಿಸುವವರು ಸಂಬಳದ ಆಚಾರಿಗಳೇ ಆಗಿರಲಿ. ಅವರಿಗೆ ಪೂರ್ತಿ ಕೂಲಿ ಕೊಡಿ, ಸಭೆಯ ಕೆಲಸ ಅಂತ ಕಡಿಮೆ ಮಾಡಬೇಡಿ. ಇಲ್ಲಿಯೂ ಕರೆಂಟಿನ ಕೆಲಸಕ್ಕೆ ಲೈಸೆನ್ಸ್ ಇದ್ದವರೇ ಬರುತ್ತಾರೆ. ಭಾವ ನಲವತ್ತು ವರ್ಷ ಅದೇ ಕೆಲಸ ಮಾಡಿದವರು, ಆದರೂ ಕರೆಂಟಿನ ಬೋರ್ಡಿಗೆ ಕೈ ಹಾಕುವುದಿಲ್ಲ, ಬರೀ ವಯರ್ ಎಳೆದು ಕೊಡುತ್ತಾರೆ. ಅರವತ್ತು ದಾಟಿದವರನ್ನು ಏಣಿ ಹತ್ತಿಸಬೇಡ. ನಮ್ಮ ಗುಂಪಿನ ಎಲ್ಲರಿಗಿಂತ ಹಿರಿಯರು ಏಣಿಯ ಹತ್ತಿರವೂ ಹೋಗುವುದಿಲ್ಲ. ಕೆಳಗೆ ಕೂತು ಅಳತೆ ಹಾಕಿ ಕತ್ತರಿಸಿ ಕೊಡುತ್ತಾರೆ, ಅವರ ಅಳತೆ ಒಂದೂ ತಪ್ಪಿದ್ದು ನಾನು ನೋಡಿಲ್ಲ.

ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸ, ಏಪ್ರಿಲ್ ದಾಟಿದರೆ ಕಷ್ಟ. ಪಾದ್ರಿ ಅಯ್ಯನವರ ಹತ್ತಿರ ಈ ಭಾನುವಾರವೇ ಮಾತಾಡು. ಮಾಡಿನ ಉದ್ದ ಅಗಲ, ಎಷ್ಟು ಪಕ್ಕಾಸು ಹೋಗಿದೆ, ಆಚಾರಿ ದಿನಕ್ಕೆ ಎಷ್ಟು ಕೇಳುತ್ತಾರೆ ಅಂತ ಬರೆದು ಫೋಟೋ ಜೊತೆ ವಾಟ್ಸಾಪ್ ಮಾಡು. ಭಾವ ಕೂತು ಲೆಕ್ಕ ಹಾಕಿ ಕೊಡುತ್ತಾರೆ. ಮರದ ಖರ್ಚಿನಲ್ಲಿ ನಮ್ಮ ಪಾಲು ಮಾರ್ಚ್ ಮೊದಲ ವಾರ ಕಳಿಸುತ್ತೇನೆ. ಆ ಹೊತ್ತಿಗೆ ನಾವು ಮಿಸಿಸಿಪ್ಪಿಯಲ್ಲಿ ಇರುತ್ತೇವೆ. ಅಲ್ಲಿ ಫೋನ್ ಸಿಗದಿದ್ದರೆ ಗಾಬರಿಯಾಗಬೇಡಿ, ಸಂಜೆ ನಾನೇ ಮಾಡುತ್ತೇನೆ.

ಅಮ್ಮನಿಗೆ ನಮಸ್ಕಾರ, ನಿನ್ನ ಹೆಂಡತಿಗೆ, ಮಕ್ಕಳಿಗೆ ಪ್ರೀತಿ.

ಇಂತಿ,
ನಿನ್ನ ಅಕ್ಕ