ಹಳೆಯ ವಿಮಾನ ಕೊಡಿ, ಹುಬ್ಬಳ್ಳಿಯಲ್ಲಿ ಕೈಗಳಿವೆ

ಮಾನ್ಯರೇ,

ಬ್ರಿಟನ್ನಿನ ವಲ್ಕನ್ ಬಾಂಬರ್ ವಿಮಾನವೊಂದು 1993ರಲ್ಲಿ ನೆಲ ಹಿಡಿದಿತ್ತು. ಜನರ ದೇಣಿಗೆ, ಸ್ವಯಂಸೇವಕರ ದುಡಿಮೆಯಿಂದ 2007ರಲ್ಲಿ ಮತ್ತೆ ಆಕಾಶಕ್ಕೇರಿತು. 2015ರವರೆಗೂ ಹಾರಿತು. ನಮ್ಮ ವಾಯುಪಡೆಯ ‘ಪರಶುರಾಮ’ ಎಂಬ ಹಳೆಯ ಡಕೋಟಾ ಸಾಗಣೆ ವಿಮಾನ ಕೂಡ ಬ್ರಿಟನ್ನಿನಲ್ಲೇ ದುರಸ್ತಿಯಾಗಿ, 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು.

ಇದು ಸುಮ್ನೆ ಬಣ್ಣ ಬಳಿಯುವ ಕೆಲಸವಲ್ಲ. ಒಂದೊಂದು ರಿವೆಟ್ ನೋಡಬೇಕು, ಬಿರುಕು ಹುಡುಕಬೇಕು, ಎಲ್ಲೂ ಸಿಗದ ಬಿಡಿಭಾಗವನ್ನು ಹೊಸದಾಗಿ ಮಾಡಬೇಕು. ಅಂಥ ಕೈಗಳು ಹುಬ್ಬಳ್ಳಿಯಲ್ಲಿ ಜಾಸ್ತಿಯೇ ಇವೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್, ಟರ್ನರ್‌ಗಳು ಓಣಿಗೊಬ್ಬರು ಸಿಗುತ್ತಾರೆ. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣವೂ ಇದೆ, ಅಲ್ವಾ? ವಾಯುಪಡೆಯವರು ಮೂಲೆ ಸೇರಿದ ಒಂದು ತರಬೇತಿ ವಿಮಾನ ಕೊಟ್ಟು, ಪರಿಣತ ಎಂಜಿನಿಯರ್‌ಗಳ ಉಸ್ತುವಾರಿಯಲ್ಲಿ ನಮ್ಮನ್ನು ಕೆಲಸಕ್ಕೆ ಬಿಡಲಿ. ಸಂಬಳ ಬೇಡ. ಭಾನುವಾರ ನಾನಂತೂ ಬರುತ್ತೇನೆ.

— ನಿವೃತ್ತ ಫಿಟ್ಟರ್, ಗದಗ ರಸ್ತೆ, ಹುಬ್ಬಳ್ಳಿ