ಎಲ್ಲರೂ ಬಚ್ಚಲನ್ನೇ ನೋಡಿದರೆ ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಚಿತ್ರದ ಬಗ್ಗೆ ನೀವು ಪ್ರಕಟಿಸಿದ ಪ್ರೇಕ್ಷಕರ ಅಭಿಪ್ರಾಯಗಳನ್ನು ಎರಡು ಸಲ ಓದಿದೆ. ಒಂಬತ್ತು ಜನ ಬರೆದಿದ್ದಾರೆ, ಏಳು ಜನರಿಗೆ ಬಚ್ಚಲಮನೆಯ ಕೊಲೆಯನ್ನು ಬಿಟ್ಟು ಬೇರೇನೂ ಕಂಡಿಲ್ಲ. ಒಬ್ಬರಂತೂ, ‘ಆಮೇಲೆ ನೆಲ ಒರೆಸುವುದನ್ನು ಯಾರು ನೋಡುತ್ತಾರೆ, ಮುಂದಕ್ಕೆ ಓಡಿಸಿಬಿಟ್ಟೆ’ ಎಂದಿದ್ದಾರೆ. ನಾನು ನೋಡುತ್ತೇನೆ ಸ್ವಾಮಿ. ರಾಯಚೂರು ರೈಲು ನಿಲ್ದಾಣದ ಹತ್ತಿರ ಹದಿನಾಲ್ಕು ಕೋಣೆಗಳ ಲಾಡ್ಜ್ ಒಂದರಲ್ಲಿ 31 ವರ್ಷ ಮ್ಯಾನೇಜರ್ ಆಗಿದ್ದವನು ನಾನು. ಚಿತ್ರದಲ್ಲಿ ಮೋಟೆಲ್, ಅಂದರೆ ಹೆದ್ದಾರಿ ಬದಿಯ ಲಾಡ್ಜ್, ನಡೆಸುವ ನಾರ್ಮನ್ ಬೇಟ್ಸ್‌ನದೂ ನನ್ನದೂ ಒಂದೇ ಕಸುಬು. (ಮಗಳು ಲ್ಯಾಪ್‌ಟಾಪಿನಲ್ಲಿ ಈ ಚಿತ್ರ ತೋರಿಸಿದ ರಾತ್ರಿ ಹೆಂಡತಿ ಇದನ್ನೇ ಹೇಳಿ ನಕ್ಕಳು. ಆಮೇಲೆ ಅವಳು ಬಚ್ಚಲಿನ ಚಿಲಕವನ್ನು ಎರಡು ಸಲ ಎಳೆದು ನೋಡಿದ್ದು ನನಗೆ ಕೇಳಿಸಿತು.)

ರಿಜಿಸ್ಟರ್‌ನ ದೃಶ್ಯವನ್ನು ಯಾರೂ ಗಮನಿಸಿಲ್ಲ. ಕಚೇರಿಯ ಹಣ 40,000 ಡಾಲರ್ ಎತ್ತಿಕೊಂಡು ಬಂದ ಮೇರಿಯನ್ (ಬಚ್ಚಲಲ್ಲಿ ಕೊಲೆಯಾಗುವವಳು ಇವಳೇ), ಮಳೆಗೆ ಸಿಕ್ಕಿ ಆ ಮೋಟೆಲಿಗೆ ಬರುತ್ತಾಳೆ. ಹೆದ್ದಾರಿ ಬೇರೆ ಕಡೆ ಹೋಗಿ ಗಿರಾಕಿಗಳು ಕೈಬಿಟ್ಟ ಜಾಗ ಅದು. ಹನ್ನೆರಡು ಕೋಣೆ, ಹನ್ನೆರಡೂ ಖಾಲಿ. ಸುಳ್ಳು ಹೆಸರನ್ನು ಸಲೀಸಾಗಿ ಬರೆಯುತ್ತಾಳೆ, ಊರು ಯಾವುದು ಎಂದಾಗ ತಡವರಿಸಿ, ಚೀಲದಲ್ಲಿದ್ದ ಪತ್ರಿಕೆಯ ಹೆಸರು ನೋಡಿ ಲಾಸ್ ಏಂಜಲೀಸ್ ಎನ್ನುತ್ತಾಳೆ. ಅಬ್ಬಾ! ಮುಂಬೈ–ಚೆನ್ನೈ ಮಾರ್ಗದ ರಾತ್ರಿ ರೈಲಿನಿಂದ ಇಳಿದು ಬಂದ ಎಷ್ಟು ಜನ ನನ್ನ ಮುಂದೆ ಹೀಗೇ ಊರಿನ ಕಾಲಂ ಹತ್ತಿರ ಪೆನ್ನು ನಿಲ್ಲಿಸಿಲ್ಲ! ಅದೇ ಹೊತ್ತಿಗೆ ನಾರ್ಮನ್‌ನ ಕೈ ಕೀಲಿಗಳ ಮುಂದೆ ಒಂದು ಕ್ಷಣ ತಡೆದು, ಕಚೇರಿಗೆ ಅಂಟಿಕೊಂಡ 1ನೇ ಕೋಣೆಯದನ್ನು ಎತ್ತಿಕೊಳ್ಳುತ್ತದೆ. ಒಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ ನಾವೂ ಕೌಂಟರ್ ಪಕ್ಕದ ಕೋಣೆಯನ್ನೇ ಕೊಡುತ್ತಿದ್ದೆವು, ಅವರಿಗೆ ಧೈರ್ಯವಿರಲಿ ಎಂದು. ನನ್ನ ಮೈ ಜುಮ್ಮೆಂದದ್ದು ಅಲ್ಲಿ, ಚಾಕು ಬಂದಾಗ ಅಲ್ಲ.

ಚಾಕುವಿನ ದೃಶ್ಯ ದೊಡ್ಡದೇ, ಇಲ್ಲ ಎನ್ನುವುದಿಲ್ಲ. ಮುಕ್ಕಾಲು ನಿಮಿಷಕ್ಕೆ ಏಳು ದಿನ ಚಿತ್ರೀಕರಣ, ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಕಿರುಚಾಟ. ಆದರೆ ‘ಬಣ್ಣಕ್ಕೆ ದುಡ್ಡಿಲ್ಲದೆ ಕಪ್ಪು–ಬಿಳುಪಿನಲ್ಲಿ ತೆಗೆದರು’ ಎಂದು ಬರೆದವರ ಮಾತು ಅರ್ಧ ನಿಜ. ಹಿಂದಿನ ವರ್ಷವಷ್ಟೇ ದೊಡ್ಡ ಬಣ್ಣದ ಚಿತ್ರ ಕೊಟ್ಟಿದ್ದವರು ಹಿಚ್‌ಕಾಕ್. ಖರ್ಚು ಉಳಿಸುವ ಲೆಕ್ಕದ ಜೊತೆಗೆ, ಕೆಂಪು ರಕ್ತವನ್ನು ಜನ ತಾಳಲಾರರು ಎಂಬ ಲೆಕ್ಕವೂ ಇತ್ತು. ತೆರೆಯ ಮೇಲೆ ಹರಿದದ್ದು ಚಾಕೊಲೇಟ್ ಸಿರಪ್.

ಇನ್ನು ಆ ನೆಲ ಒರೆಸುವುದು. ಬಹಳ ವರ್ಷಗಳ ಹಿಂದೆ ಮಂತ್ರಾಲಯದ ದರ್ಶನ ಮುಗಿಸಿ ಬಂದಿದ್ದ ವೃದ್ಧರೊಬ್ಬರು ನಮ್ಮ 9ನೇ ಕೋಣೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಪಂಚನಾಮೆಯಾಗಿ ದೇಹ ಸಾಗಿಸಿದ ಮೇಲೆ ರೂಮ್ ಬಾಯ್ ಒಳಗೆ ಕಾಲಿಡಲು ಒಪ್ಪಲಿಲ್ಲ. ಪಂಚೆ ಮೇಲೆ ಕಟ್ಟಿ ನಾನೇ ಫಿನಾಯಿಲ್ ಸುರಿದು ತೊಳೆದೆ, ಹಾಸಿಗೆ ಸುತ್ತಿ ಹೊರಗೆ ಹಾಕಿದೆ. ದೀಪ ಆರಿಸುವಾಗ ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಕಂಡಿತು. ಪರಿಮಳ ಪ್ರಸಾದ, ತುಪ್ಪ ಕಾಗದಕ್ಕೆ ಇಳಿದಿತ್ತು. ಸಂಜೆ ಬಂದ ಮಗನ ಕೈಗೆ ಅದನ್ನು ಕೊಟ್ಟೆ.

ನಾರ್ಮನ್ ತೊಟ್ಟಿ ಉಜ್ಜಿ, ಗೋಡೆ ಒರೆಸಿ, ಹೆಣವನ್ನು ಬಚ್ಚಲಿನ ಪರದೆಯಲ್ಲೇ ಸುತ್ತಿ ಕಾರಿನ ಡಿಕ್ಕಿಗೆ ಸಾಗಿಸುತ್ತಾನೆ. ಮಾತಿಲ್ಲ, ಅವಸರವಿಲ್ಲ, ಪಳಗಿದ ಕೈ. ಕೊನೆಗೊಮ್ಮೆ ಕೋಣೆಯನ್ನು ಸುತ್ತ ನೋಡಿದಾಗ ಹಾಸಿಗೆಯ ಪಕ್ಕ ಒಂದು ಪತ್ರಿಕೆ ಉಳಿದಿರುತ್ತದೆ. ಹಣವಿರುವುದು ಅದರೊಳಗೆ. ‘ಅಲ್ಲಿದೆ, ಎತ್ತಿಕೋ’ ಎಂದು ನಾನು ಲ್ಯಾಪ್‌ಟಾಪಿಗೆ ಹೇಳಿಯೇಬಿಟ್ಟೆ. ಅವನು ತಿಳಿಯದೆ ಅದನ್ನೂ ಡಿಕ್ಕಿಗೆ ಎಸೆಯುತ್ತಾನೆ. ಕೆಸರುಹೊಂಡಕ್ಕೆ ತಳ್ಳಿದ ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ದಡದಲ್ಲಿ ಅವನು ಬಾಯಲ್ಲಿದ್ದುದನ್ನು ಮೆಲ್ಲುವುದನ್ನೂ ನಿಲ್ಲಿಸುತ್ತಾನೆ. ನಾನೂ ಉಸಿರು ಹಿಡಿದೆ, ಮುಳುಗಲಪ್ಪ ಎಂದು. ಹತ್ತು ನಿಮಿಷ ಮೊದಲು ಆ ಹುಡುಗಿ ಬದುಕಲಿ ಎಂದು ಬೇಡಿಕೊಂಡಿದ್ದವನೂ ನಾನೇ. ಮುಂದಕ್ಕೆ ಓಡಿಸಿದವರು ಕಳೆದುಕೊಂಡದ್ದು ಇದನ್ನು.

ಕೊನೆಗೆ ನಿಮ್ಮ ಮೇಲೊಂದು ದೂರು. 1960ರಲ್ಲಿ ಈ ಚಿತ್ರ ಶುರುವಾದ ಮೇಲೆ ಯಾರನ್ನೂ ಚಿತ್ರಮಂದಿರದ ಒಳಗೆ ಬಿಡಬಾರದು ಎಂದು ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದರು. ನೀವು ಕೊನೆಯ ಗುಟ್ಟನ್ನು ಎರಡು ಕಾಲಂ ಅಗಲದ ಶೀರ್ಷಿಕೆ ಮಾಡಿದ್ದೀರಿ. ಯುಗಾದಿಗೆ ಬಂದಾಗ ಅಳಿಯನಿಗೆ ತೋರಿಸಬೇಕೆಂದುಕೊಂಡಿದ್ದೆ. ಅವರ ಊರಿಗೂ ನಿಮ್ಮ ಪತ್ರಿಕೆ ಹೋಗುತ್ತದೆ.

— ನಿವೃತ್ತ ಲಾಡ್ಜ್ ಮ್ಯಾನೇಜರ್, ರಾಯಚೂರು